ಡಿಸೆಂಬರ್ ಪರೀಕ್ಷೆ, ಮೆಣಸಿನಕಾಯಿ ಸುಗ್ಗಿ: ನಾಲ್ಕೂ ವಿಷಯ ಬರೆಯಲೇ, ಕೆಲವನ್ನು ಜೂನ್‌ಗೆ ಬಿಡಲೇ?

ಕೇಳಿದವರು: ಬ್ಯಾಡಗಿಯ ಲೆಕ್ಕದವಳು

ದೀಪಾವಳಿ ಮುಗಿಯಿತು. ಅಂಗಡಿಯಲ್ಲಿ ಹೊಸ ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿ, ಪೇಢೆ ಹಂಚಿ ಮನೆಗೆ ಬಂದೆ. ಅದೇ ಸಂಜೆ ಪರೀಕ್ಷೆಯ ವೇಳಾಪಟ್ಟಿ ಮೊಬೈಲಿಗೆ ಬಂತು. ಡಿಸೆಂಬರ್ ಕೊನೆಯಿಂದ ಜನವರಿ ಮೊದಲ ವಾರದವರೆಗೆ ನಾಲ್ಕು ವಿಷಯ. ನಮ್ಮ ಪೇಟೆಯನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಹೊಸ ಕಾಯಿ ಬರಲು ಶುರುವಾಗುವುದೇ ಆಗ.

ನನಗೆ 36 ವರ್ಷ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಲೆಕ್ಕ ಬರೆಯುತ್ತೇನೆ. ಪಿಯುಸಿ ಮುಗಿಸಿದ ವರ್ಷವೇ ಮದುವೆಯಾಯಿತು. ಹೋದ ವರ್ಷ ದೂರಶಿಕ್ಷಣದಲ್ಲಿ ಬಿ.ಕಾಂ.ಗೆ ಸೇರಿದೆ. ಮನೆಯವರು ಗೂಡ್ಸ್ ಗಾಡಿ ಓಡಿಸುತ್ತಾರೆ. ಮಗ ಒಂಬತ್ತನೆಯ ತರಗತಿ, ಮಗಳು ಐದನೆಯದು. ಅತ್ತೆ ಸುಗ್ಗಿಯಲ್ಲಿ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತಾರೆ. ಅಂದರೆ ಜನವರಿಯಿಂದ ಏಪ್ರಿಲ್‌ವರೆಗೆ ನಮ್ಮ ಮನೆಯ ನಾಲ್ಕು ದಿಕ್ಕಿನಲ್ಲೂ ಮೆಣಸಿನಕಾಯಿಯೇ. ಮಕ್ಕಳ ಸಮವಸ್ತ್ರ ಒಗೆದ ನೀರು ಕೂಡ ಕೆಂಪಾಗಿರುತ್ತದೆ.

ಸೋಮವಾರ, ಗುರುವಾರ ಟೆಂಡರ್. ಸುಗ್ಗಿ ಏರಿದಾಗ ಒಂದೇ ದಿನ ಲಕ್ಷ ಚೀಲ ದಾಟುತ್ತದೆ. ಆ ದಿನಗಳಲ್ಲಿ ರೈತರ ಪಟ್ಟಿ, ಅಂದರೆ ಅವರವರ ಮಾರಾಟದ ಲೆಕ್ಕದ ಚೀಟಿ, ಬರೆದು ಮುಗಿಸುವಾಗ ರಾತ್ರಿ ಹತ್ತಾದರೂ ಆಯಿತು, ಹನ್ನೊಂದಾದರೂ ಆಯಿತು. ಗದಗ, ಬಳ್ಳಾರಿ, ರಾಯಚೂರು ಕಡೆಯಿಂದ ಬಂದ ರೈತರು ಹೊರಗೆ ಚೀಲದ ಮೇಲೆ ಕೂತಿರುತ್ತಾರೆ. ಅವರ ಹಣ ಎಣಿಸಿ ಕೊಡದೆ ಏಳಲು ಮನಸ್ಸೂ ಬರುವುದಿಲ್ಲ.

ಓದಲು ಹೊತ್ತೇ ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಖರೀದಿದಾರರು ಟೆಂಡರ್ ಹಾಕಿದ ಮೇಲೆ ದರ ಪ್ರಕಟವಾಗುವ ತನಕ ಅಂಗಡಿಯಲ್ಲಿ ಒಂದಿಷ್ಟು ಬಿಡುವು ಸಿಗುತ್ತದೆ. ಹಮಾಲರು ಚಹಾ ಕುಡಿಯುತ್ತಾರೆ, ಸಾಹುಕಾರರು ಫೋನಿನಲ್ಲಿರುತ್ತಾರೆ. ನಾನು ಮೇಜಿನ ಕೆಳಗಿನ ಖಾನೆಯಿಂದ ಪುಸ್ತಕ ತೆಗೆಯುತ್ತೇನೆ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಎನ್ನುತ್ತಾರೆ. ಹಾಗೆನ್ನುವವರು ಚೀಲಗಳ ನಡುವೆ ಕೂತು ಅರ್ಧ ಗಂಟೆ ಓದಿ ನೋಡಲಿ. ಪುಟ ತಿರುಗಿಸಿದ ಕೈಯಿಂದ ಮರೆತು ಕಣ್ಣು ಉಜ್ಜಿಕೊಂಡರೆ ಅಂದಿನ ಓದು ಅಲ್ಲಿಗೆ ಮುಗಿಯಿತು. ನನ್ನ ಲೆಕ್ಕಶಾಸ್ತ್ರದ ಪುಸ್ತಕದ ಅಂಚು ಈಗ ಪೂರ್ತಿ ಕೇಸರಿ.

ಆ ಲೆಕ್ಕಶಾಸ್ತ್ರವೇ ಕಳೆದ ಸಲ ನಾಲ್ಕು ಅಂಕಕ್ಕೆ ಕೈಕೊಟ್ಟಿತು. ಒಂಬತ್ತು ವರ್ಷ ಲೆಕ್ಕ ಬರೆದವಳು ಲೆಕ್ಕದಲ್ಲೇ ನಪಾಸು. ಅಂಗಡಿಯಲ್ಲಿ ಯಾರಿಗೂ ಹೇಳಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ಎಡವಿದ್ದು ರವಾನೆ ವ್ಯಾಪಾರದ, ಅಂದರೆ ಇನ್ನೊಬ್ಬರ ಮೂಲಕ ಮಾರಲು ಸರಕು ಕಳುಹಿಸುವ ವ್ಯಾಪಾರದ ಲೆಕ್ಕದಲ್ಲಿ, ಸಹಜ ನಷ್ಟ ಮತ್ತು ಅಸಹಜ ನಷ್ಟ ಎಂದು ಬರುತ್ತದಲ್ಲ, ಅಲ್ಲಿ. ಇನ್ನೊಂದು ವಿಷಯದ ನಿಯೋಜಿತ ಬರವಣಿಗೆಯನ್ನು (ಅಸೈನ್‌ಮೆಂಟ್) ಬರೆದು ಮುಗಿಸಿಯೂ ಕಳುಹಿಸಲಿಲ್ಲ. ಕೊನೆಯ ದಿನ ತಿಂಗಳ ಕೊನೆ ಎಂದುಕೊಂಡಿದ್ದೆ, ಅದು ಹದಿನೈದಕ್ಕೇ ಮುಗಿದಿತ್ತು. ತಪ್ಪು ನನ್ನದೇ. ಲಕೋಟೆ ಇನ್ನೂ ಖಾನೆಯಲ್ಲಿದೆ.

ಇಷ್ಟಾದರೆ ಇಲ್ಲಿ ಬರೆಯುತ್ತಿರಲಿಲ್ಲ. ಹೋದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಮನೆಯವರ ಸ್ನೇಹಿತರೊಬ್ಬರು ಬಾಗಿಲಲ್ಲಿ ನಿಂತು, "ವೈನಿ ಏನೋ ಕೆಲಸದಲ್ಲಿದ್ದಾರೆ, ಆಮೇಲೆ ಬರುತ್ತೇನೆ" ಎಂದರು. ಇವರು, "ಕೆಲಸ ಏನಿಲ್ಲ, ಖಾಲಿ ಕೂತಿದ್ದಾಳೆ, ಬಾ, ಚಹಾ ಕುಡಿ" ಎಂದರು. ಇವರು ಕೆಟ್ಟವರಲ್ಲ. ಪ್ರವೇಶ ಶುಲ್ಕ ಕಟ್ಟಿದವರೂ ಇವರೇ. ಅದಕ್ಕೇ ಆ ಮಾತು ಹೆಚ್ಚು ಚುಚ್ಚಿತು. ಎದ್ದು ಚಹಾ ಮಾಡಿದೆ. ಸಕ್ಕರೆ ಹಾಕಿದೆನೋ ಇಲ್ಲವೋ ನೆನಪಿಲ್ಲ, ಇಬ್ಬರೂ ಸುಮ್ಮನೆ ಕುಡಿದರು.

ಈಗ ಕೇಳುವುದು ಇಷ್ಟೇ. ನಾಲ್ಕು ವಿಷಯ: ಕಳೆದ ಸಲ ಉಳಿಸಿಕೊಂಡ ಹಣಕಾಸು ಲೆಕ್ಕಶಾಸ್ತ್ರ, ವ್ಯವಹಾರ ಕಾನೂನು, ಅರ್ಥಶಾಸ್ತ್ರ, ಇಂಗ್ಲಿಷ್. ದಿನಕ್ಕೆ ಒಂದೂವರೆ ಗಂಟೆ ಸಿಕ್ಕರೆ ನನ್ನ ಪುಣ್ಯ. ನಾಲ್ಕನ್ನೂ ಬರೆಯಲೇ? ಕೆಲವನ್ನು ಜೂನ್‌ಗೆ ಬಿಡಲೇ? ಜೂನ್‌ನಲ್ಲಿ ಪೇಟೆ ತಣ್ಣಗಿರುತ್ತದೆ, ಆದರೆ ಮಕ್ಕಳ ಶಾಲೆ ಶುರು, ಅಂಗಡಿಯ ವರ್ಷದ ಲೆಕ್ಕಕ್ಕೆ ಲೆಕ್ಕಪರಿಶೋಧಕರು ಬೆನ್ನು ಹತ್ತಿರುತ್ತಾರೆ. ಮನೆ, ಕೆಲಸ ಎರಡನ್ನೂ ಇಟ್ಟುಕೊಂಡು ಓದಿ ಮುಗಿಸಿದವರು ಯಾರಾದರೂ ಇದ್ದರೆ ಹೇಳಿ. ಬೆಳಗಿನ ನಾಲ್ಕಕ್ಕೆ ಏಳು ಎಂದು ಮಾತ್ರ ಹೇಳಬೇಡಿ. ನಾಲ್ಕೂವರೆಗೆ ಏಳುತ್ತಲೇ ಇದ್ದೇನೆ, ಆದರೆ ಆ ಹೊತ್ತು ರೊಟ್ಟಿಯದು.

ಉತ್ತರ: ಗದಗದ ಟಿಕೆಟ್ ಅಕ್ಕ

ತಂಗೀ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನಾನು ಬಸ್ಸಿನ ನಿರ್ವಾಹಕಿ. ದೂರಶಿಕ್ಷಣದಲ್ಲಿ ಬಿ.ಎ. ಮುಗಿಸಲು ಐದು ವರ್ಷ ತೆಗೆದುಕೊಂಡೆ. ಮೂರಕ್ಕೆ ಮುಗಿಯಬೇಕಾದದ್ದು ಐದಾಯಿತು ಎಂದು ಈವರೆಗೆ ಯಾರೂ ನನ್ನ ಅಂಕಪಟ್ಟಿ ಹಿಡಿದು ಕೇಳಿಲ್ಲ. ನಾನೇ ಸುಮ್ಮನೆ ನಾಚಿಕೆಪಟ್ಟುಕೊಂಡು ಒಂದು ವರ್ಷ ಹಾಳು ಮಾಡಿದೆ.

2023ರ ಜೂನ್ ನನಗೆ ಚೆನ್ನಾಗಿ ನೆನಪಿದೆ. ಆ ತಿಂಗಳ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಅದೇ ತಿಂಗಳು ನನ್ನ ಪರೀಕ್ಷೆ. ಹೆಣ್ಣುಮಕ್ಕಳೆಲ್ಲ ಧರ್ಮಸ್ಥಳ, ಸವದತ್ತಿ ಎಂದು ಹೊರಟರು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಒಂದು ಶೂನ್ಯ ಟಿಕೆಟ್ ಹರಿದು ತಲೆ ಎತ್ತುವಷ್ಟರಲ್ಲಿ ಮುಂದೆ ನಾಲ್ಕು ಆಧಾರ್ ಕಾರ್ಡು. ಜೊತೆಯವರೆಲ್ಲ ಒದ್ದಾಡುತ್ತಿರುವಾಗ ರಜೆ ಕೇಳಲು ನನಗೇ ಮುಖವಿರಲಿಲ್ಲ. ವಾರದ ರಜೆಯ ದಿನ ಬಿದ್ದ ವಿಷಯವನ್ನು ಬರೆದೆ, ಪಾಳಿ ಬದಲಿಸಿಕೊಂಡು ಇನ್ನೊಂದನ್ನು ಬರೆದೆ. ಉಳಿದೆರಡನ್ನು ಡಿಸೆಂಬರ್‌ಗೆ ದೂಡಿದೆ. ಬರೆದ ಎರಡರಲ್ಲೂ ಪಾಸಾದೆ. ನಾಲ್ಕನ್ನೂ ಹಿಡಿದಿದ್ದರೆ ನಾಲ್ಕೂ ಜಾರುತ್ತಿದ್ದವು.

ನಾನು ಮಾಡಿದ ಒಂದು ಉಪಾಯ ಹೇಳುತ್ತೇನೆ. ಪಾಠವನ್ನು ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ನನ್ನದೇ ಧ್ವನಿಯನ್ನು ಮುದ್ರಿಸಿಕೊಳ್ಳುತ್ತಿದ್ದೆ. ಬೆಟಗೇರಿಯ ನಮ್ಮ ಮನೆಯಿಂದ ಡಿಪೊವರೆಗೆ ನಡೆಯುವಾಗ ಕೇಳುತ್ತಿದ್ದೆ. ಕೆಲಸದ ಮೇಲಿದ್ದಾಗ ಎಂದೂ ಇಲ್ಲ, ಅದು ಸರಿಯಲ್ಲ. ನನ್ನ ಮುದ್ರಣದಲ್ಲಿ ಕುಕ್ಕರ್ ಸೀಟಿ, ಮಗ್ಗದ ಸದ್ದು, ಪಕ್ಕದ ಮನೆಯ ಕೋಳಿ ಎಲ್ಲವೂ ಇವೆ. ಪರೀಕ್ಷೆಯಲ್ಲಿ ಒಂದು ಉತ್ತರ ಮರೆತಾಗ "ಅದು ಕೋಳಿ ಕೂಗಿದ ಕಡೆ ಬರುತ್ತದೆ" ಎಂದು ಹೊಳೆದು ಬರೆದಿದ್ದೇನೆ. ನಗಬೇಡಿ. ಕಾನೂನು, ಅರ್ಥಶಾಸ್ತ್ರಕ್ಕೆ ಇದು ನಡೆಯುತ್ತದೆ. ಲೆಕ್ಕಕ್ಕೆ ನಡೆಯುವುದಿಲ್ಲ, ಅದಕ್ಕೆ ಕೈಯೇ ಬೇಕು.

ಆ ಲಕೋಟೆಯನ್ನು ಖಾನೆಯಿಂದ ತೆಗೆದು ಕಣ್ಣಿಗೆ ಕಾಣುವಲ್ಲಿ ಇಡಿ. ಹಿಂದಿನ ಸಲದ ಪ್ರಶ್ನೆಗಳಿಗೆ ಬರೆದದ್ದು ಈ ಸಲಕ್ಕೆ ನಡೆಯುತ್ತದೆಯೇ ಎಂದು ಅಧ್ಯಯನ ಕೇಂದ್ರಕ್ಕೆ ಫೋನ್ ಮಾಡಿ ಕೇಳಿ. ಪ್ರಶ್ನೆ ಬದಲಾಗಿದ್ದರೆ ಹೊಸದಾಗಿ ಬರೆಯಬೇಕಾಗುತ್ತದೆ.

ಉತ್ತರ: ನೇರ ಮಾತು

ಯಾರೂ ತಪ್ಪು ತಿಳಿಯಬಾರದು. ಒಂಬತ್ತು ವರ್ಷ ಅನುಭವವಿದೆ, ಲೆಕ್ಕದ ತಂತ್ರಾಂಶ ಟ್ಯಾಲಿ ಗೊತ್ತಿರುತ್ತದೆ, ಸಂಬಳ ಬರುತ್ತಿದೆ. 36ನೇ ವಯಸ್ಸಿನಲ್ಲಿ ಅಂಚೆಯ ಮೂಲಕ ಬಿ.ಕಾಂ. ಮಾಡಿ ಯಾವ ಕಲೆಕ್ಟರ್ ಆಗಬೇಕಾಗಿದೆ? ದೂರಶಿಕ್ಷಣದ ಪದವಿಗೆ ಕೆಲಸ ಕೊಡುವವರು ಬೆಲೆ ಕೊಡುವುದಿಲ್ಲ. ಆ ಶ್ರಮವನ್ನು ಮಗನ ಎಸ್ಸೆಸ್ಸೆಲ್ಸಿಗೆ ಹಾಕಿದರೆ ಉಪಯೋಗವಾದೀತು.

ಉತ್ತರ: ಸಾಧನಕೇರಿಯ ನಿವೃತ್ತ ಮೇಷ್ಟ್ರು

ಮೊದಲು ಮೇಲಿನ ಮಹನೀಯರಿಗೆ ಎರಡು ಮಾತು. ಅಂಚೆಯ ಮೂಲಕ ಕಲಿಯುವುದು ಈ ದೇಶದಲ್ಲಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಶುರು ಮಾಡಿತು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಮಾನ್ಯತೆ ಪಡೆದ ಸಂಸ್ಥೆಯಿಂದ ದೂರಶಿಕ್ಷಣದಲ್ಲಿ ಪಡೆದ ಪದವಿ, ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಸಂಸ್ಥೆಗೆ ಮಾನ್ಯತೆ ಇದೆಯೇ ಎಂದು ಸೇರುವಾಗ ನೋಡಿಕೊಂಡರೆ ಸಾಕು. ಇನ್ನು ಮಗನ ಎಸ್ಸೆಸ್ಸೆಲ್ಸಿ. ತಾಯಿ ಮೇಜಿಗೆ ಕೂತ ಮನೆಯಲ್ಲಿ ಮಗನನ್ನು ಮೇಜಿಗೆ ಕೂರಿಸಲು ಕೋಲು ಬೇಕಾಗುವುದಿಲ್ಲ. ನಾನು ಮೂವತ್ತು ವರ್ಷ ಕೋಲು ಹಿಡಿದವನು, ಗೊತ್ತಿದೆ.

ಈಗ ನೀವು, ತಾಯೀ. ನಾನು ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದೆ. ಭಾನುವಾರಗಳಲ್ಲಿ ದೂರಶಿಕ್ಷಣದ ಸಂಪರ್ಕ ತರಗತಿಗಳನ್ನೂ ತೆಗೆದುಕೊಂಡಿದ್ದೇನೆ. ನಿಮ್ಮ ಪ್ರಶ್ನೆ ಲೆಕ್ಕದ್ದು, ಲೆಕ್ಕದಲ್ಲೇ ಉತ್ತರಿಸೋಣ. ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ನಾಲ್ಕು ಕ್ರೆಡಿಟ್ಟಿನ ಒಂದು ವಿಷಯಕ್ಕೆ 120 ಗಂಟೆ. ನಾಲ್ಕು ವಿಷಯಕ್ಕೆ 480. ಪರೀಕ್ಷೆಗೆ ಉಳಿದಿರುವುದು ಸುಮಾರು 50 ದಿನ. ದಿನಕ್ಕೆ ಒಂದೂವರೆ ಗಂಟೆ ಎಂದರೆ 75 ಗಂಟೆ. ಬೊಕ್ಕಸದಲ್ಲಿ 75 ಇಟ್ಟುಕೊಂಡು 480ರ ಪಟ್ಟಿ ಬರೆಯುವ ದಲಾಲಿಯನ್ನು ನೀವು ಏನೆನ್ನುತ್ತೀರಿ? ಸಮಯ ನಿರ್ವಹಣೆ ಸಾಲದು ಎಂದು ನಿಮ್ಮನ್ನು ನೀವೇ ಬೈದುಕೊಳ್ಳುತ್ತಿದ್ದೀರಿ. ಸಾಲದಿರುವುದು ಗಂಟೆಗಳು.

ಆದ್ದರಿಂದ ಎರಡೇ ವಿಷಯ. ಲೆಕ್ಕಶಾಸ್ತ್ರ ಒಂದು. ಅದನ್ನು ಒಮ್ಮೆ ಓದಿದ್ದೀರಿ, ನಾಲ್ಕೇ ಅಂಕ ಕೊರತೆ. ಎರಡನೆಯದು ವ್ಯವಹಾರ ಕಾನೂನು. ಏಕೆಂದರೆ 1872ರ ಕರಾರು ಕಾಯಿದೆಯಲ್ಲಿ ಏಜೆನ್ಸಿ ಎಂಬ ಅಧ್ಯಾಯವಿದೆ. ತೆಗೆದು ಓದಿ, ನಿಮ್ಮ ಅಂಗಡಿಯೇ ಅಲ್ಲಿ ಕೂತಿದೆ. ರೈತ ಮಾಲೀಕ, ದಲಾಲಿ ಅವನ ಪರವಾಗಿ ಮಾರುವವನು. ಮಾಲೀಕನಿಗೆ ಲೆಕ್ಕ ಒಪ್ಪಿಸುವುದು ಅವನ ಕರ್ತವ್ಯ, ಕಮಿಷನ್ ಅವನ ಹಕ್ಕು. ನೀವು ದಿನವೂ ಬರೆಯುವ ಪಟ್ಟಿ ಆ ಕರ್ತವ್ಯದ್ದೇ ಕಾಗದ. ಇಂಗ್ಲಿಷ್, ಅರ್ಥಶಾಸ್ತ್ರ ಜೂನ್‌ಗೆ ಇರಲಿ. ಹೆಚ್ಚಿನ ಕಡೆ ಪದವಿ ಮುಗಿಸಲು ಕನಿಷ್ಠ ಅವಧಿಗಿಂತ ಹೆಚ್ಚು ವರ್ಷ ಕೊಟ್ಟಿರುತ್ತಾರೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷದ ಪದವಿಗೆ ಆರು ವರ್ಷದವರೆಗೆ ಅವಕಾಶವಿದೆ. ನಿಮ್ಮಲ್ಲಿ ಎಷ್ಟು ಎಂದು ಕೈಪಿಡಿಯಲ್ಲಿ ನೋಡಿ. ಆ ಅವಕಾಶ ಇರುವುದೇ ನಿಮ್ಮಂಥವರಿಗಾಗಿ. ಅದನ್ನು ಬಳಸಿಕೊಳ್ಳುವುದು ಸೋಲಲ್ಲ.

ನಿಯೋಜಿತ ಬರವಣಿಗೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾನು ಹೇಳಿದ ಇಂದಿರಾ ಗಾಂಧಿ ವಿಶ್ವವಿದ್ಯಾಲಯದಲ್ಲಿ ಸಾಮಾನ್ಯವಾಗಿ ನೂರರಲ್ಲಿ ಮೂವತ್ತು ಅಂಶ ಅದಕ್ಕೇ. ಪರೀಕ್ಷೆಯ ಕೋಣೆಯ ಮೂರು ಗಂಟೆ ನಿಮ್ಮ ಕೈಯಲ್ಲಿಲ್ಲ, ರೈಲು ತಡವಾಗಬಹುದು, ಮಗುವಿಗೆ ಜ್ವರ ಬರಬಹುದು. ಮನೆಯಲ್ಲಿ ಕೂತು ಬರೆಯುವ ಈ ಮೂವತ್ತು ಪೂರ್ತಿ ನಿಮ್ಮ ಕೈಯಲ್ಲಿದೆ. ಖಾನೆಯಲ್ಲಿ ಉಳಿದ ಲಕೋಟೆಯ ಕಥೆಯನ್ನು ನಾನು ನೂರು ಸಲ ಕೇಳಿದ್ದೇನೆ. ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ.

ಇನ್ನು ಸಹಜ ನಷ್ಟ. ಪುಸ್ತಕದ ಉದಾಹರಣೆಗಳಲ್ಲಿ ಎಣ್ಣೆ, ಕಲ್ಲಿದ್ದಲು ಇರುತ್ತವೆ, ಅದಕ್ಕೇ ತಲೆಗೆ ಹೋಗುವುದಿಲ್ಲ. ಮೆಣಸಿನಕಾಯಿಯಲ್ಲಿ ಮಾಡಿ. ನೂರು ಕಿಲೋ ಕಾಯಿ ಕಳುಹಿಸಿದಿರಿ, ಸಾಗಣೆ ಎಲ್ಲ ಸೇರಿ 20,000 ರೂಪಾಯಿ ಬಿತ್ತು. ದಾರಿಯಲ್ಲಿ, ಗೋದಾಮಿನಲ್ಲಿ ಒಣಗಿ ಐದು ಕಿಲೋ ಇಳಿಯಿತು. ಇದು ಎಲ್ಲರ ಕಾಯಿಗೂ ಆಗುವಂಥದ್ದು, ಯಾರ ತಪ್ಪೂ ಅಲ್ಲ, ಅದೇ ಸಹಜ ನಷ್ಟ. ಆ ಐದು ಕಿಲೋಗೆ ಬೇರೆ ಖಾತೆ ತೆರೆಯಬೇಡಿ. ಉಳಿದ 95 ಕಿಲೋ ಮೇಲೆ 20,000ವನ್ನು ಹಂಚಿ. ಕಿಲೋಗೆ 200 ಇದ್ದ ಬೆಲೆ ಸುಮಾರು 210 ರೂಪಾಯಿ 53 ಪೈಸೆಗೆ ಏರುತ್ತದೆ. ಮಾರದೆ ಉಳಿದ ಸರಕಿಗೂ ಅದೇ ಬೆಲೆ ಹಿಡಿಯಬೇಕು. ಅಕಾಲದ ಮಳೆ ಬಿದ್ದು ಹತ್ತು ಕಿಲೋ ಕೊಳೆತರೆ ಅದು ಅಸಹಜ ನಷ್ಟ. ಅದನ್ನು ಒಳ್ಳೆಯ ಕಾಯಿಯ ಮೇಲೆ ಹೊರಿಸಬಾರದು. ಬೇರೆಯಾಗಿ ತೆಗೆದು ರವಾನೆ ಖಾತೆಗೆ ಜಮಾ ಕೊಟ್ಟು, ಲಾಭ ನಷ್ಟದ ಖಾತೆಗೆ ಒಯ್ಯಬೇಕು. ಒಣಗಿದ್ದು ಹಂಚಿಕೆ, ಕೊಳೆತದ್ದು ಪ್ರತ್ಯೇಕ. ಇಷ್ಟೇ.

ಡೆಲ್ ಕ್ರೆಡೆರೆ ಕಮಿಷನ್ ಎಂಬ ವಿಚಿತ್ರ ಹೆಸರೂ ಅದೇ ಪಾಠದಲ್ಲಿದೆ. ಕೊಂಡವನು ಹಣ ಕೊಡದೆ ಕೈಯೆತ್ತಿದರೆ ಆ ಹೊಣೆ ತನ್ನದು ಎಂದು ಮಾರುವವನು ಒಪ್ಪಿ ಪಡೆಯುವ ಹೆಚ್ಚಿನ ಕಮಿಷನ್ ಅದು. ನಿಮ್ಮ ಸಾಹುಕಾರರನ್ನು ಕೇಳಿ ನೋಡಿ. ಹೆಸರು ಕೇಳಿರಲಿಕ್ಕಿಲ್ಲ, ಹೊಣೆಯ ಬಿಸಿ ಮಾತ್ರ ಚೆನ್ನಾಗಿ ಗೊತ್ತಿರುತ್ತದೆ.

ಉತ್ತರ: ಹುಬ್ಬಳ್ಳಿ ವರ್ಕ್‌ಶಾಪ್

ನಾನು ಗಂಡಸು, ಇಲ್ಲಿ ಮಾತಾಡಬಹುದೋ ಇಲ್ಲವೋ ತಿಳಿಯದು. "ಖಾಲಿ ಕೂತಿದ್ದಾಳೆ" ಎಂಬ ಮಾತನ್ನು ಓದಿದ ಮೇಲೆ ಬರೆಯದೆ ಇರಲು ಆಗಲಿಲ್ಲ. ಅದೇ ಮಾತನ್ನು ನಾನೂ ಆಡಿದ್ದೇನೆ.

ನನ್ನದು ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸ. ಹೆಂಡತಿ ಖಾಸಗಿ ಶಾಲೆಯಲ್ಲಿ ಕಲಿಸುತ್ತಾ ಎಂ.ಎ. ಮಾಡಿದಳು. "ಓದು, ಯಾರು ಬೇಡ ಎಂದರು" ಎಂದು ನಾನು ದೊಡ್ಡ ಮನಸ್ಸಿನವನಂತೆ ಹೇಳುತ್ತಿದ್ದೆ. ಹಾಗೆ ಹೇಳಿ ಐದು ನಿಮಿಷಕ್ಕೆ ನನ್ನ ಕಾಲುಚೀಲ ಎಲ್ಲಿ ಎಂದು ಕೇಳುತ್ತಿದ್ದೆ. ಒಂದು ಸಲ ಅವಳು ಒಂದು ಕಾಗದವನ್ನು ನನ್ನ ಮುಂದಿಟ್ಟಳು. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಅವಳು ಓದಲು ಕೂತಾಗ ಯಾರು ಯಾರು ಎಷ್ಟು ಸಲ ಕರೆದರು ಎಂದು ಗೆರೆ ಎಳೆದು ಇಟ್ಟಿದ್ದಳು. ನನ್ನ ಹೆಸರಿನ ಮುಂದೆ ಹನ್ನೊಂದು ಗೆರೆ. ಐದು ವರ್ಷದ ಮಗಳ ಹೆಸರಿನ ಮುಂದೆ ಆರು. ಜಗಳವಾಡಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಗೆರೆಗಳಿಗೆ ಏನು ಹೇಳುವುದು?

ಆ ಮೇಲೆ ನಮ್ಮಲ್ಲಿ ಬದಲಾದದ್ದು ಎರಡು. ಪರೀಕ್ಷೆಯ ತಿಂಗಳು ನಮ್ಮ ಮನೆಯಲ್ಲಿ ಬಿಸಿ ರೊಟ್ಟಿ ಬಡಿಯುವುದಿಲ್ಲ. ಓಣಿಯಲ್ಲಿ ಒಬ್ಬ ಅಕ್ಕ ಕಡಕ್ ರೊಟ್ಟಿ ಮಾಡಿ ಮಾರುತ್ತಾರೆ, ಐವತ್ತು ರೊಟ್ಟಿ ತಂದು ಡಬ್ಬಿಗೆ ತುಂಬುತ್ತೇನೆ. ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ ಇದ್ದರೆ ಎರಡು ಹೊತ್ತು ಸಾಗುತ್ತದೆ. ಪಲ್ಯ ನನ್ನದು. ಎಣ್ಣೆಗಾಯಿ ಬದನೆಕಾಯಿ ಮೊದಲ ಸಲ ಸೀದು ಹೋಯಿತು, ಎರಡನೆಯ ಸಲ ತಿನ್ನುವಂತಾಯಿತು. ನಮ್ಮ ಅವ್ವ ಒಂದು ವಾರ ಮುಖ ಊದಿಸಿಕೊಂಡಿದ್ದಳು, ಮಗ ಒಲೆಯ ಮುಂದೆ ನಿಂತ ಎಂದು. ಹಲ್ಲಿಲ್ಲದ ಅವಳಿಗೆ ಕಡಕ್ ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಡಬೇಕಾಗುತ್ತಿತ್ತು, ಅದೂ ಒಂದು ಕಾರಣ.

ಎರಡನೆಯದು ಜಾಗ. ಅಡುಗೆಮನೆಯ ಕಡೆ ಬೆನ್ನು ಹಾಕಿ ಕೂರುವಂತೆ ಮೇಜನ್ನು ಕಿಟಕಿಯ ಕಡೆ ತಿರುಗಿಸಿದೆವು. ಬೆನ್ನು ಕಂಡರೆ ಜನ ಕಡಿಮೆ ಕರೆಯುತ್ತಾರೆ, ಮುಖ ಕಂಡರೆ ಕೆಲಸ ಹೇಳುತ್ತಾರೆ. ಪಡಸಾಲೆಯಲ್ಲಿ ಬಾಗಿಲ ಎದುರು ಕೂತರೆ ಬಂದ ಹೋದವರಿಗೆಲ್ಲ ನೀವೇ ಸಿಗುತ್ತೀರಿ, ಅಕ್ಕಾ.

ಪರೀಕ್ಷೆಗೆ ಹುಬ್ಬಳ್ಳಿಗೆ ಬರುವುದಾದರೆ ಹಿಂದಿನ ದಿನವೇ ಬಂದು ನೆಂಟರ ಮನೆಯಲ್ಲಿ ಉಳಿಯುವುದು ವಾಸಿ. ಬೆಳಗಿನ ರೈಲನ್ನು ನಂಬಿ ಬರಬೇಡಿ. ರೈಲ್ವೆಯವನೇ ಹೇಳುತ್ತಿದ್ದೇನೆ. ನಮ್ಮ ನಿಲ್ದಾಣದ ಪ್ಲಾಟ್‌ಫಾರ್ಮ್ ಒಂದೂವರೆ ಕಿಲೋಮೀಟರ್ ಉದ್ದ, ಜಗತ್ತಿನಲ್ಲೇ ದೊಡ್ಡದು ಎಂದು ನಮಗೆ ಹೆಮ್ಮೆ. ಪರೀಕ್ಷೆಯ ದಿನ ಕೊನೆಯ ಬೋಗಿಯಿಂದ ಇಳಿದು ಓಡುವವರಿಗೆ ಆ ಹೆಮ್ಮೆ ಇರುವುದಿಲ್ಲ.

ಉತ್ತರ: ಬ್ಯಾಡಗಿಯ ಲೆಕ್ಕದವಳು

ಎಲ್ಲರಿಗೂ ಕೈಮುಗಿದೆ. ನಾಲ್ಕು ದಿನ ಇತ್ತ ತಲೆ ಹಾಕಲು ಆಗಲಿಲ್ಲ. ಹೊಸ ಕಾಯಿಯ ಮೊದಲ ಚೀಲಗಳು ಬಂದವು, ಇನ್ನೂ ಹಸಿ ಹಸಿ.

ಮೊದಲು ನೇರ ಮಾತು ಅಣ್ಣಾವರಿಗೆ. ಕಲೆಕ್ಟರ್ ಆಗುವ ಆಸೆ ಇಲ್ಲ. ನಮ್ಮ ಊರಿನ ಹತ್ತಿರದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಹೋದ ವರ್ಷ ಲೆಕ್ಕಿಗರ ಕೆಲಸ ಖಾಲಿಯಾಗಿತ್ತು. ಪದವಿ ಕೇಳಿದ್ದರು. ಅರ್ಜಿ ನಮೂನೆ ತುಂಬಿಕೊಟ್ಟದ್ದು ನಾನು, ನಮ್ಮ ಅಂಗಡಿಯ ಪಕ್ಕದ ಹುಡುಗನಿಗೆ. ತಾಳೆಪಟ್ಟಿ ಏಕೆ ತಾಳೆಯಾಗುತ್ತಿಲ್ಲ ಎಂದು ಅವನು ಈಗಲೂ ನನಗೆ ಫೋನ್ ಮಾಡುತ್ತಾನೆ. ಸಹಕಾರಿ ಸಂಘ ಎಂದರೆ ನಮ್ಮ ಸೀಮೆಯಲ್ಲಿ ಸಣ್ಣ ಮಾತಲ್ಲ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಶುರು ಮಾಡಿದ್ದು. ಟಿಕೆಟ್ ಅಕ್ಕ ಆ ದಾರಿಯಲ್ಲಿ ಓಡಾಡಿರಬಹುದು. ಅಂಥ ಕಡೆ ಒಂದು ಕುರ್ಚಿ ಸಿಕ್ಕರೆ ಸುಗ್ಗಿಯಲ್ಲಿ ರಾತ್ರಿ ಹನ್ನೊಂದಕ್ಕೆ ಮನೆಗೆ ಬರುವುದು ತಪ್ಪುತ್ತದೆ. ಇದಕ್ಕಿಂತ ದೊಡ್ಡ ಉದ್ದೇಶ ನನಗಿಲ್ಲ.

ಮೇಷ್ಟ್ರೇ, ನಿಮ್ಮ 75 ಮತ್ತು 480ರ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿದೆ. ನಿಜ ಹೇಳಬೇಕೆಂದರೆ ಹಗುರವಾಯಿತು. ಇಷ್ಟು ದಿನ ಸೋಮಾರಿ ಎಂದುಕೊಂಡಿದ್ದೆ. ಎರಡೇ ವಿಷಯಕ್ಕೆ ಶುಲ್ಕ ಕಟ್ಟಿದ್ದೇನೆ. ಏಜೆನ್ಸಿ ಅಧ್ಯಾಯವನ್ನು ಒಂದೇ ಸಲಕ್ಕೆ ಕೂತು ಓದಿದೆ. ಕಾದಂಬರಿ ಓದಿದಂತಾಯಿತು. ಡೆಲ್ ಕ್ರೆಡೆರೆ ಎಂದು ಸಾಹುಕಾರರಿಗೆ ಹೇಳಿದೆ. "ಇದಕ್ಕೆ ಹೆಸರೂ ಇದೆಯೇ, ಮೊದಲೇ ಹೇಳಿದ್ದರೆ ಕಮಿಷನ್ ಹೆಚ್ಚು ಕೇಳುತ್ತಿದ್ದೆ" ಎಂದು ನಕ್ಕರು. ಪರೀಕ್ಷೆಯ ಎರಡೂ ದಿನ ಟೆಂಡರ್ ಇಲ್ಲದ ದಿನಗಳೇ. ಆ ಖುಷಿಯಲ್ಲಿ ರಜೆಗೂ ಒಪ್ಪಿದರು.

ಟಿಕೆಟ್ ಅಕ್ಕಾ, ಆ ಲಕೋಟೆಯಲ್ಲಿದ್ದದ್ದು ಅರ್ಥಶಾಸ್ತ್ರದ್ದು. ಅಧ್ಯಯನ ಕೇಂದ್ರಕ್ಕೆ ಫೋನ್ ಮಾಡಿ ಕೇಳಿದೆ. ಪ್ರಶ್ನೆಗಳು ಬದಲಾಗಿವೆ, ಜೂನ್‌ಗೆ ಹೊಸದಾಗಿ ಬರೆಯಬೇಕಂತೆ. ಲಕೋಟೆಯನ್ನು ಹರಿದೆ, ಒಳಗಿನ ಹಾಳೆಗಳ ಹಿಂಬದಿಯನ್ನು ಲೆಕ್ಕ ಮಾಡಿ ನೋಡಲು ಬಳಸುತ್ತಿದ್ದೇನೆ. ಕಾನೂನನ್ನು ಮುದ್ರಿಸಿಕೊಂಡೆ. ಕೋಳಿ ಇಲ್ಲ, ಅದರ ಬದಲು ನಡುನಡುವೆ ನಾನೇ ಮೂರು ಸಲ ಸೀನಿದ್ದೇನೆ.

ವರ್ಕ್‌ಶಾಪ್ ಅಣ್ಣಾವರೇ, ನಿಮ್ಮ ಉತ್ತರವನ್ನು ಮನೆಯವರಿಗೆ ಓದಲು ಕೊಡಲಿಲ್ಲ. ಊಟಕ್ಕೆ ಕೂತಾಗ ಮೊಬೈಲನ್ನು ತಟ್ಟೆಯ ಪಕ್ಕದಲ್ಲಿ ಅದೇ ಪುಟ ತೆರೆದು ಇಟ್ಟು ನೀರು ತರಲು ಹೋದೆ. ವಾಪಸು ಬಂದಾಗ ಓದಿ ಮುಗಿಸಿದ್ದರು. ಏನೂ ಹೇಳಲಿಲ್ಲ. ಮರುದಿನ ನಾನು ಅಂಗಡಿಯಿಂದ ಬರುವಷ್ಟರಲ್ಲಿ ಮೇಜು ಕಿಟಕಿಯ ಕಡೆ ತಿರುಗಿತ್ತು. ಕಿಟಕಿಯ ಆಚೆ ಎಮ್ಮೆ ಕಟ್ಟುವ ಜಾಗ, ನೊಣ ವಿಪರೀತ. ಆದರೂ ಮೇಜು ಅಲ್ಲೇ ಇರಲಿ ಎಂದಿದ್ದೇನೆ. ಕಾಲುಚೀಲ ಕೇಳುವುದು ನಿಂತಿಲ್ಲ.

ಇನ್ನೊಂದು ಸಂಗತಿ, ಇದು ಮೇಷ್ಟ್ರಿಗೆ. ನಿನ್ನೆ ರಾತ್ರಿ ನೀವು ಕೊಟ್ಟ ನೂರು ಕಿಲೋ ಲೆಕ್ಕವನ್ನು ಬಿಡಿಸುತ್ತಿದ್ದೆ. ಅತ್ತೆ ಪಕ್ಕದಲ್ಲಿ ಕೂತು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದರು. ತೊಟ್ಟು ಮುರಿಯುವ ಕೆಲಸ ಶುರುವಾದರೆ ಬೆರಳು ಉರಿಯುತ್ತವೆ, ರಾತ್ರಿ ನಿದ್ದೆ ಬರುವುದಿಲ್ಲ. ಏನು ಓದುತ್ತೀ ಎಂದು ಕೇಳಿದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರು ಹಾಗೆ ಕೇಳಿದ್ದು ಇದೇ ಮೊದಲು. ಅವರಿಗೆ ಅಕ್ಷರ ಬರುವುದಿಲ್ಲ. ಬಾಯಲ್ಲೇ ಹೇಳಿದೆ: ನೂರು ಕಿಲೋ ಕಾಯಿ ಇತ್ತು, ಒಣಗಿ ಐದು ಕಿಲೋ ಹೋಯಿತು, ತೊಂಬತ್ತೈದು ಉಳಿಯಿತು.

ಅತ್ತೆ ಒಂದು ಗಳಿಗೆ ಯೋಚಿಸಿ, "ಎಲ್ಲಿ ಉಳಿಯಿತು? ತೊಟ್ಟು ತೆಗೆದರೆ ಅದರ ತೂಕ ಹೋಗಲಿಲ್ಲವೇ? ನಿಮ್ಮ ಮೇಷ್ಟ್ರು ತೊಟ್ಟು ಸಮೇತ ಪುಡಿ ಮಾಡಿಸುತ್ತಾರೋ?" ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಮೇಷ್ಟ್ರೇ, ತೊಟ್ಟಿನ ತೂಕವನ್ನೂ ಸಹಜ ನಷ್ಟಕ್ಕೇ ಸೇರಿಸಬೇಕಲ್ಲವೇ? ಹಾಗಾದರೆ ತೊಟ್ಟು ಮುರಿದವರ ಕೂಲಿಯನ್ನು ಸರಕಿನ ಬೆಲೆಗೆ ಕೂಡಿಸಬೇಕೋ, ಮಾರಾಟದ ಖರ್ಚಿನಲ್ಲಿ ಬರೆಯಬೇಕೋ? ಅತ್ತೆ ನಾಳೆ ಮತ್ತೆ ಕೇಳುತ್ತಾರೆ.